ಹಾಲು ಸಂಘದ ಛಾವಣಿಗೆ ಸೌರಫಲಕ: ಎಷ್ಟು ಕಿಲೋವ್ಯಾಟ್ ಸಾಕು, ಹಿಡಿತ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಸಮೀಪ ನಮ್ಮ ಹಾಲು ಸಹಕಾರಿ ಸಂಘವಿದೆ. ಬೆಳಿಗ್ಗೆ ಸುಮಾರು 500 ಲೀಟರ್, ಸಂಜೆ 300 ಲೀಟರ್ ಹಾಲು ಬರುತ್ತದೆ. ಬಲ್ಕ್ ಕೂಲರ್, ಹಾಲು ಪರೀಕ್ಷೆಯ ಯಂತ್ರ, ಲೆಕ್ಕದ ಕಂಪ್ಯೂಟರ್, ನಾಲ್ಕು ಕ್ಯಾಮೆರಾ ಇವೆ. ಮಳೆಗಾಲದಲ್ಲಿ ಕರೆಂಟು ಹೋದರೆ ಡೀಸೆಲ್ ಜನರೇಟರೇ ಗತಿ. ಒಂದು ಕಂಪನಿಯವರು 20 ಕಿಲೋವ್ಯಾಟ್ ಸೌರ ಘಟಕ ಹಾಕಿಸಿ, ಇನ್ವರ್ಟರ್, ಕೂಲರ್, ಕ್ಯಾಮೆರಾ ಎಲ್ಲವನ್ನೂ ಮೊಬೈಲಿನಿಂದಲೇ ನೋಡಬಹುದು, ನಡೆಸಬಹುದು ಎನ್ನುತ್ತಾರೆ. ನಿರ್ದೇಶಕರೊಬ್ಬರ ಮಗ, ಇಂಟರ್ನೆಟ್ಟಿಗೆ ಜೋಡಿಸಿದರೆ ಹ್ಯಾಕ್ ಆಗುತ್ತದೆ, ಬೇಡವೇ ಬೇಡ ಎನ್ನುತ್ತಾನೆ. ಯಾರ ಮಾತು ಸರಿ? — ಸಂಘದ ಕಾರ್ಯದರ್ಶಿ

ಉತ್ತರ:

ಕಾರ್ಯದರ್ಶಿಗಳೇ, ಮೊದಲು ನೇರ ಉತ್ತರ ಕೊಡುತ್ತೇನೆ. 20 ಕಿಲೋವ್ಯಾಟ್ ನಿಮಗೆ ಬೇಡ, 8 ಸಾಕು. ಇಂಟರ್ನೆಟ್ ಜೋಡಣೆ ಇರಲಿ, ಆದರೆ ಅದು ನೋಡುವುದಕ್ಕೆ ಮಾತ್ರ ಇರಲಿ, ನಡೆಸುವುದಕ್ಕೆ ಬೇಡ. ಆ ಹುಡುಗನ ಆತಂಕ ಸುಳ್ಳಲ್ಲ. ಆದರೆ ಅವನು ತೋರಿಸುತ್ತಿರುವ ಜಾಗಕ್ಕಿಂತ ದೊಡ್ಡ ಅಪಾಯ ನಿಮ್ಮ ಲೆಕ್ಕದ ಕಂಪ್ಯೂಟರಿನಲ್ಲಿದೆ. ನಾಳೆ ಬೆಳಿಗ್ಗೆ ಇಂಟರ್ನೆಟ್ ತಂತಿಯನ್ನು ಕತ್ತರಿಸಿ ಹಾಕಿದರೂ ಹಾಲು ನಾಲ್ಕು ಡಿಗ್ರಿಗೆ ಇಳಿಯಬೇಕು, ರೈತರ ಲೆಕ್ಕ ಉಳಿಯಬೇಕು. ಯಾವ ಕಂಪನಿ ಏನೇ ತೋರಿಸಲಿ, ಈ ಪರೀಕ್ಷೆಯಲ್ಲಿ ಅದು ನಿಲ್ಲುತ್ತದೆಯೇ ಎಂದು ನೋಡಿ.

ಈಗ ಲೆಕ್ಕಕ್ಕೆ ಬರೋಣ. ಸೌರ ಘಟಕ ಮಾರುವವರು ಛಾವಣಿಯ ಅಳತೆಯಿಂದ ಶುರುಮಾಡುತ್ತಾರೆ. ನಾವು ಹಾಲಿನಿಂದ ಶುರುಮಾಡಬೇಕು. 500 ಲೀಟರ್ ಹಾಲನ್ನು 34 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ಅದರಿಂದ ಸುಮಾರು 17 ಯೂನಿಟ್ಟಿನಷ್ಟು ಶಾಖವನ್ನು ಹೊರತೆಗೆಯಬೇಕು. ಕಂಪ್ರೆಸರ್ ಒಂದು ಯೂನಿಟ್ ವಿದ್ಯುತ್ತಿನಲ್ಲಿ ಎರಡೂವರೆ ಯೂನಿಟ್ಟಿನಷ್ಟು ಶಾಖ ತೆಗೆಯುತ್ತದೆ ಎಂದು ಹಿಡಿದರೆ, ಬೆಳಗಿನ ಹಾಲಿಗೆ ಏಳು ಯೂನಿಟ್, ಸಂಜೆಯ ಹಾಲಿಗೆ ನಾಲ್ಕು ಯೂನಿಟ್ ವಿದ್ಯುತ್ ಬೇಕು. ಹಾಲು ಕಲಕುವ ಮೋಟರ್, ಲಾರಿ ಬರುವವರೆಗೆ ತಂಪು ಕಾಯುವುದು ಎಲ್ಲ ಸೇರಿ ಕೂಲರಿಗೆ ದಿನಕ್ಕೆ 13 ಯೂನಿಟ್. ಕ್ಯಾನು, ಟ್ಯಾಂಕು ತೊಳೆಯುವ ಬಿಸಿನೀರಿಗೆ ವಿದ್ಯುತ್ ಹೀಟರ್ ಇದ್ದರೆ ಐದು. ದೀಪ, ಕಂಪ್ಯೂಟರ್, ತೂಕ ಮತ್ತು ಪರೀಕ್ಷೆಯ ಯಂತ್ರಗಳು, ಹಗಲು ರಾತ್ರಿ ಉರಿಯುವ ಕ್ಯಾಮೆರಾಗಳಿಗೆ ಮತ್ತೆ ಐದು. ಬಾವಿಯ ಪಂಪಿಗೆ ಎರಡು. ಒಟ್ಟು 25 ಯೂನಿಟ್. ನಿಮ್ಮ ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನು ತೆಗೆದು ಈ ಅಂಕಿಯೊಂದಿಗೆ ತಾಳೆ ನೋಡಿ. ಬಿಲ್ಲು ಇದಕ್ಕಿಂತ ಬಹಳ ಹೆಚ್ಚಿದ್ದರೆ ಸೌರಫಲಕಕ್ಕಿಂತ ಮೊದಲು ಕೂಲರನ್ನು ರಿಪೇರಿ ಮಾಡಿಸಿ. ಕಂಡೆನ್ಸರಿಗೆ ಧೂಳು ಹಿಡಿದು, ಅನಿಲ ಕಡಿಮೆಯಾಗಿ ಒಂದೂವರೆ ಪಟ್ಟು ವಿದ್ಯುತ್ ತಿನ್ನುವ ಕೂಲರುಗಳು ಸಂಘಗಳಲ್ಲಿ ಅಪರೂಪವಲ್ಲ.

ನಮ್ಮ ಕಡೆ ಒಂದು ಕಿಲೋವ್ಯಾಟ್ ಫಲಕ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ದಿನಕ್ಕೆ ನಾಲ್ಕೂವರೆ ಯೂನಿಟ್ಟಿನವರೆಗೆ ಕೊಡುತ್ತದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಸುರಿಮಳೆಯ ದಿನಗಳಲ್ಲಿ ಎರಡು ಯೂನಿಟ್ ಬಂದರೆ ಹೆಚ್ಚು. ವರ್ಷದ ಸರಾಸರಿ ಮೂರೂವರೆ ಎಂದು ಹಿಡಿಯುವುದು ಕ್ಷೇಮ. 25 ಯೂನಿಟ್ಟಿಗೆ 7 ಕಿಲೋವ್ಯಾಟ್ ಆಯಿತು, ಮುಂದೆ ಹಾಲು ಹೆಚ್ಚಿದರೆ ಇರಲಿ ಎಂದು 8 ಮಾಡಿ. ಇದಕ್ಕೆ 500ರಿಂದ 600 ಚದರಡಿ ಜಾಗ ಸಾಕು. 20 ಕಿಲೋವ್ಯಾಟ್ ಹಾಕಿದರೆ ದಿನಕ್ಕೆ 70 ಯೂನಿಟ್ ಬರುತ್ತದೆ, ಅದರಲ್ಲಿ 45 ನಿಮ್ಮ ಬಳಕೆಗೆ ಮಿಕ್ಕದ್ದು. ಹೆಚ್ಚುವರಿಯಾಗಿ ಗ್ರಿಡ್ಡಿಗೆ, ಅಂದರೆ ಹೊರಗಿನ ವಿದ್ಯುತ್ ಜಾಲಕ್ಕೆ, ಹೋದದ್ದಕ್ಕೆ ಸಿಗುವ ದರ, ನೀವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ರೈತರ ಪಾಲು ಬಂಡವಾಳವನ್ನು ಅದರಲ್ಲಿ ಹೂಡುವುದು ನನಗೆ ಒಪ್ಪಿಗೆಯಿಲ್ಲ. ನೆಟ್ ಮೀಟರಿಂಗ್ (ಗ್ರಿಡ್ಡಿಗೆ ಕೊಟ್ಟದ್ದನ್ನು ಪಡೆದದ್ದರಿಂದ ಕಳೆದು ಬಿಲ್ಲು ಮಾಡುವ) ನಿಯಮಗಳು ಆಗಾಗ ಬದಲಾಗುವುದರಿಂದ, ಅರ್ಜಿ ಹಾಕುವ ದಿನ ನಿಮ್ಮ ಸಂಪರ್ಕದ ವರ್ಗಕ್ಕೆ ಯಾವುದು ಅನ್ವಯ ಎಂಬುದನ್ನು ಕೇರಳ ವಿದ್ಯುತ್ ಮಂಡಳಿಯ (ಕೆಎಸ್‌ಇಬಿ) ಸೆಕ್ಷನ್ ಕಚೇರಿಯಿಂದ ಬರಹದಲ್ಲಿ ಪಡೆಯಿರಿ. ಸಹಾಯಧನದ ಬಗ್ಗೆಯೂ ಒಂದು ಮಾತು: 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿ ಮನೆಗಳಿಗೆ ಸಿಗುತ್ತದೆ, ಸಂಘದ ಕಟ್ಟಡಕ್ಕೆ ಸಿಗುವುದಿಲ್ಲ. ಕಂಪನಿಯವರ ದರಪಟ್ಟಿಯಲ್ಲಿ ಆ ಮೊತ್ತವನ್ನು ಕಳೆದು ತೋರಿಸಿದ್ದರೆ ಪ್ರಶ್ನಿಸಿ.

ಇನ್ನು ನಿಮ್ಮ ನಿಜವಾದ ಕಷ್ಟ, ಮಳೆಗಾಲದಲ್ಲಿ ಕರೆಂಟು ಹೋಗುವುದು. ಸೌರ ಘಟಕದ ಇನ್ವರ್ಟರ್ ಎಂದರೆ ಫಲಕದ ಡಿಸಿ ವಿದ್ಯುತ್ತನ್ನು ನಾವು ಬಳಸುವ ಎಸಿಗೆ ಬದಲಿಸುವ ಪೆಟ್ಟಿಗೆ. ಬ್ಯಾಟರಿಯಿಲ್ಲದ ಸಾಮಾನ್ಯ ಗ್ರಿಡ್ ಇನ್ವರ್ಟರ್ ಹಾಕಿಸಿಕೊಂಡವರಲ್ಲಿ ಅನೇಕರಿಗೆ ಒಂದು ಸಂಗತಿ ಮೊದಲ ಬಾರಿ ಕರೆಂಟು ಹೋದಾಗಲೇ ತಿಳಿಯುತ್ತದೆ: ಸುಡುಬಿಸಿಲಿದ್ದರೂ ಗ್ರಿಡ್ ನಿಂತರೆ ಆ ಇನ್ವರ್ಟರ್ ಕೂಡ ನಿಲ್ಲುತ್ತದೆ. ಇದು ದೋಷವಲ್ಲ. ತಂತಿ ಸರಿಪಡಿಸಲು ಕಂಬ ಹತ್ತಿದ ಲೈನ್‌ಮ್ಯಾನ್ ಜೀವ ಉಳಿಯಬೇಕಾದರೆ ಅದು ಹಾಗೆಯೇ ಇರಬೇಕು. ಗ್ರಿಡ್ ಇಲ್ಲದಾಗಲೂ ನಡೆಯಬೇಕಾದರೆ, ಸಂಘದ ತಂತಿಯನ್ನು ಹೊರಗಿನ ತಂತಿಯಿಂದ ಬೇರ್ಪಡಿಸಿಕೊಂಡು ಬ್ಯಾಟರಿಯ ಆಧಾರದಲ್ಲಿ ಓಡುವ ಹೈಬ್ರಿಡ್ ಇನ್ವರ್ಟರ್ ಬೇಕು. ದರಪಟ್ಟಿಯಲ್ಲಿ ಯಾವುದಿದೆ ಎಂದು ಕೇಳಿ.

ಬ್ಯಾಟರಿಯಲ್ಲಿ ಕಂಪ್ರೆಸರ್ ಓಡಿಸುವ ಆಸೆ ಬೇಡ. ಮೋಟರ್ ಶುರುವಾಗುವ ಕ್ಷಣದಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಆ ಒಂದು ಕ್ಷಣಕ್ಕಾಗಿ ಇನ್ವರ್ಟರನ್ನೂ ಬ್ಯಾಟರಿಯನ್ನೂ ದುಪ್ಪಟ್ಟು ಗಾತ್ರದ್ದು ಕೊಳ್ಳಬೇಕಾಗುತ್ತದೆ. ತೂಕ, ಪರೀಕ್ಷೆಯ ಯಂತ್ರ, ಕಂಪ್ಯೂಟರ್, ದೀಪ, ರೌಟರ್, ಹಾಲು ಕಲಕುವ ಮೋಟರ್ — ಇಷ್ಟನ್ನು ಮಾತ್ರ ಪ್ರತ್ಯೇಕ ತಂತಿಯಲ್ಲಿ ಬ್ಯಾಟರಿಗೆ ಜೋಡಿಸಿ. 5 ಯೂನಿಟ್ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದಕ್ಕೆ ಧಾರಾಳ. ಕಂಪ್ರೆಸರಿಗೆ ಸದ್ಯ ಜನರೇಟರ್ ಇರಲಿ. ಜನರೇಟರ್ ಓಡುವಾಗ ಸೌರ ವಿದ್ಯುತ್ ಅದರೊಳಗೆ ನುಗ್ಗದಂತೆ ಚೇಂಜ್‌ಓವರ್ ಸ್ವಿಚ್ಚಿನಲ್ಲಿ ಇಂಟರ್‌ಲಾಕ್, ಅಂದರೆ ಎರಡೂ ಒಟ್ಟಿಗೆ ಜೋಡಣೆಯಾಗದಂತೆ ತಡೆಯುವ ಏರ್ಪಾಡು, ಇರಲೇಬೇಕು.

ನಾನು ಮನಸಾರೆ ಹೇಳಬಯಸುವುದು ಮಂಜುಗಡ್ಡೆಯ ಬಗ್ಗೆ. ಹಾಲು ಬರುವುದು ಬೆಳಿಗ್ಗೆ ಆರೂವರೆಗೆ, ಮತ್ತೆ ಸಂಜೆ. ಬಿಸಿಲು ಉಕ್ಕುವುದು ನಡುಹಗಲು. ಈ ಅಂತರವನ್ನು ತುಂಬಲು ಎಲ್ಲರೂ ಬ್ಯಾಟರಿಯ ಕಡೆ ನೋಡುತ್ತಾರೆ. ಆದರೆ ನಿಮಗೆ ಕೊನೆಗೆ ಬೇಕಾಗಿರುವುದು ತಂಪು, ವಿದ್ಯುತ್ತಲ್ಲ. ತಂಪನ್ನು ತಂಪಾಗಿಯೇ ಕೂಡಿಡಬಹುದು. ಐಸ್ ಬ್ಯಾಂಕ್ ಎನ್ನುವ ವ್ಯವಸ್ಥೆಯಲ್ಲಿ ಹಗಲಿನ ಸೌರ ವಿದ್ಯುತ್ತಿನಿಂದ ನಿರೋಧಕ ಹೊದಿಕೆಯ ತೊಟ್ಟಿಯೊಂದರಲ್ಲಿ ಮಂಜುಗಡ್ಡೆ ಕಟ್ಟಿಸುತ್ತಾರೆ. ಹಾಲು ಬಂದಾಗ ಆ ಮಂಜುಗಡ್ಡೆಯ ತಣ್ಣೀರು ಲೋಹದ ತಗಡುಗಳ ಒಂದು ಬದಿಯಲ್ಲಿ ಹರಿದು, ಇನ್ನೊಂದು ಬದಿಯ ಹಾಲನ್ನು ಕೆಲವೇ ನಿಮಿಷಗಳಲ್ಲಿ ತಂಪಾಗಿಸುತ್ತದೆ. ನಿಮ್ಮ ಬೆಳಗಿನ 500 ಲೀಟರಿಗೆ 180 ಕಿಲೋ ಮಂಜುಗಡ್ಡೆ ಸಾಕು. ನೀರು ಹರಿಸಲು ಬೇಕಾದ ಸಣ್ಣ ಪಂಪನ್ನು ನಿಮ್ಮ ಬ್ಯಾಟರಿ ಸುಲಭವಾಗಿ ಓಡಿಸುತ್ತದೆ. ಜೂನ್ ತಿಂಗಳ ಗಾಳಿಗೆ ಮರ ಬಿದ್ದು ಬೆಳಗಿನ ಜಾವ ಲೈನ್ ಹೋದರೂ ಹಾಲು ಕೆಡುವುದಿಲ್ಲ, ಡೀಸೆಲ್ಲೂ ಬೇಡ. ನೇರವಾಗಿ ಹಾಲು ತಂಪಾಗಿಸುವುದಕ್ಕಿಂತ ಮಂಜುಗಡ್ಡೆ ಕಟ್ಟಿಸುವುದಕ್ಕೆ ವಿದ್ಯುತ್ ಸ್ವಲ್ಪ ಹೆಚ್ಚು ತಗಲುತ್ತದೆ ಎಂಬುದು ನಿಜ. ಈಗಿರುವ ಕೂಲರ್ ಚೆನ್ನಾಗಿದ್ದರೆ ಇಂದೇ ಬದಲಿಸಬೇಡಿ. ಆದರೆ ಅದರ ಆಯುಷ್ಯ ಮುಗಿದ ದಿನ ಕೊಳ್ಳಬೇಕಾದದ್ದು ಇದನ್ನೇ. 20 ಕಿಲೋವ್ಯಾಟಿಗೂ 8 ಕಿಲೋವ್ಯಾಟಿಗೂ ಇರುವ ಬೆಲೆಯ ವ್ಯತ್ಯಾಸವನ್ನು ಆ ಖರ್ಚಿಗಾಗಿ ಎತ್ತಿಡಿ.

ಬಿಸಿನೀರಿಗೆ ಸೌರ ವಾಟರ್ ಹೀಟರ್ ಹಾಕಿಸಿ. ಫಲಕದಿಂದ ವಿದ್ಯುತ್ ಮಾಡಿ ಅದರಿಂದ ನೀರು ಕಾಯಿಸುವುದು ಸುತ್ತುದಾರಿ. ಮಳೆಗಾಲಕ್ಕೆ ನಮ್ಮೂರಿನ ಹಂಡೆ, ಒಲೆ, ಒಣಗಿದ ಅಡಿಕೆ ಸಿಪ್ಪೆ ಇದ್ದೇ ಇವೆ.

ಫಲಕಗಳು ದಕ್ಷಿಣಕ್ಕೆ ಮುಖಮಾಡಿ ಸುಮಾರು 12 ಡಿಗ್ರಿ ಇಳಿಜಾರಿನಲ್ಲಿರಲಿ. ತೆಂಗು, ಅಡಿಕೆಯ ನೆರಳು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ಬೀಳಬಾರದು. ಮಳೆಗಾಲ ಮುಗಿದ ಕೂಡಲೇ ಫಲಕದ ಕೆಳಅಂಚಿನ ಪಾಚಿ ತೊಳೆಸಿ. ಇವು ಎಲ್ಲರೂ ಹೇಳುವ ಮಾತುಗಳು, ಸಾಕು.

ಸಿಡಿಲಿನ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲೂ ಅಕ್ಟೋಬರ್-ನವೆಂಬರಿನ ತುಲಾಮಳೆಯ ಹೊತ್ತಿಗೂ ನಮ್ಮ ಗುಡ್ಡಗಳಲ್ಲಿ ಸಿಡಿಲು ಹೇಗೆ ಎರಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ವಿದ್ಯುತ್ತಿನ ಯೋಜನೆಯೂ ಜಾಲದ ಯೋಜನೆಯೂ ಇಲ್ಲಿ ಒಂದಾಗುತ್ತವೆ. ಫಲಕದ ಕಡೆಯ ಡಿಸಿ ತಂತಿಗೂ ಒಳಗಿನ ಎಸಿ ತಂತಿಗೂ ಸರ್ಜ್ ಪ್ರೊಟೆಕ್ಟರ್ (ಏಕಾಏಕಿ ಏರುವ ವೋಲ್ಟೇಜನ್ನು ನೆಲಕ್ಕಿಳಿಸುವ ಸಾಧನ) ಹಾಕಿಸಿ, ಹೊರಗಿನ ಕಂಬದ ಕ್ಯಾಮೆರಾದಿಂದ ಬರುವ ನೆಟ್‌ವರ್ಕ್ ಕೇಬಲನ್ನು ಹಾಗೇ ಬಿಟ್ಟರೆ, ಸಿಡಿಲಿನ ಹೊಡೆತ ಆ ಕೇಬಲಿನ ಮೂಲಕವೇ ಡಿವಿಆರಿಗೂ (ಕ್ಯಾಮೆರಾದ ದೃಶ್ಯ ದಾಖಲಿಸುವ ಪೆಟ್ಟಿಗೆ) ರೌಟರಿಗೂ ಲೆಕ್ಕದ ಕಂಪ್ಯೂಟರಿಗೂ ಬರುತ್ತದೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವ ಜೋಡಣೆ ತಾಮ್ರದ ಕೇಬಲಿನ ಬದಲು ಫೈಬರ್ ಆಗಿರಲಿ, ಅದು ವಿದ್ಯುತ್ತನ್ನು ಒಯ್ಯುವುದಿಲ್ಲ. ಅರ್ಥಿಂಗ್ ಗುಂಡಿಗಳನ್ನೆಲ್ಲ ಒಂದಕ್ಕೊಂದು ಜೋಡಿಸಿರಬೇಕು. ಮುರಕಲ್ಲಿನ ನೆಲ ಜುಲೈಯಲ್ಲಿ ತೊಯ್ದಿರುವಾಗ ಅರ್ಥ್ ಪರೀಕ್ಷೆ ಮಾಡಿದರೆ ಒಳ್ಳೆಯ ಅಂಕಿಯೇ ಬರುತ್ತದೆ. ಏಪ್ರಿಲಿನಲ್ಲಿ ಅದೇ ನೆಲ ಕಾದು ಒಣಗಿದಾಗ ರೋಧ ಹಲವು ಪಟ್ಟು ಏರಿರುತ್ತದೆ, ಸಿಡಿಲು ಬರುವುದೂ ಆಗಲೇ. ಹಾಗಾಗಿ ಅಂತಿಮ ಕಂತು ಕೊಡುವ ಮುನ್ನ ಬೇಸಿಗೆಯಲ್ಲಿ ಒಮ್ಮೆ ಅಳೆಯಿಸುವ ಷರತ್ತು ಹಾಕಿ.

ಇನ್ನು ಆ ಹುಡುಗನ ಮಾತಿಗೆ ಬರುತ್ತೇನೆ. ಇನ್ವರ್ಟರಿಗೆ ಹೆಬ್ಬೆರಳಿನ ಗಾತ್ರದ ಒಂದು ವೈ-ಫೈ ಕಡ್ಡಿ ಜೋಡಿಸುತ್ತಾರೆ. ಅದು ಸಂಘದ ವೈ-ಫೈ ಮೂಲಕ ತಯಾರಕರ ಸರ್ವರಿಗೆ ಅಂಕಿಅಂಶ ಕಳಿಸುತ್ತದೆ. ಎಷ್ಟೋ ಮಾದರಿಗಳಲ್ಲಿ ಅದೇ ಖಾತೆಯಿಂದ ಇನ್ವರ್ಟರನ್ನು ನಿಲ್ಲಿಸಲೂಬಹುದು. ಜೋಡಿಸಲು ಬಂದ ತಂತ್ರಜ್ಞ ತನ್ನ ಹೆಸರಿನಲ್ಲೇ ಮುಖ್ಯ ಖಾತೆ ತೆರೆದು, ಕಾರ್ಖಾನೆಯ ಪಾಸ್‌ವರ್ಡನ್ನು ಹಾಗೇ ಬಿಟ್ಟು ಹೋದರೆ, ಘಟಕದ ಹಿಡಿತ ಸಂಘದ ಕೈಯಲ್ಲಿಲ್ಲ ಎಂದೇ ಅರ್ಥ.

ಇದರಿಂದ ಏನಾಗಿದೆ ಎಂಬುದಕ್ಕೆ ನಿದರ್ಶನಗಳಿವೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್, ರೌಟರುಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡಿತು. ಅಕ್ಟೋಬರ್ 21ರಂದು ಆ ಸಾಧನಗಳ ದಾಳಿಯಿಂದ ಅಮೆರಿಕದಲ್ಲಿ ದೊಡ್ಡ ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ಸಿಗದಾದವು. ಕ್ಯಾಮೆರಾಗಳ ಒಡೆಯರಿಗೆ ಏನೂ ತಿಳಿಯಲಿಲ್ಲ. ಜಪಾನಿನಲ್ಲಿ ಸೌರ ಘಟಕಗಳ ನಿಗಾ ಸಾಧನಗಳು ಸುಮಾರು 800ರಷ್ಟು ಕಳ್ಳರ ವಶವಾಗಿ, ಬ್ಯಾಂಕ್ ಖಾತೆಗಳ ಹಣ ಕದಿಯಲು ಬಳಕೆಯಾದವು ಎಂಬ ಸುದ್ದಿ 2024ರಲ್ಲಿ ಹೊರಬಂತು. ಅಲ್ಲಿ ಕಳ್ಳರಿಗೆ ಬೇಕಾಗಿದ್ದದ್ದು ವಿದ್ಯುತ್ತಲ್ಲ, ತಮ್ಮ ಗುರುತು ಮರೆಸುವ ಒಂದು ದಾರಿ.

ನಮ್ಮ ಜಿಲ್ಲೆಯ ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ 250 ಎಕರೆಯಲ್ಲಿ 50 ಮೆಗಾವ್ಯಾಟ್ ಸೌರ ಘಟಕವಿದೆ, 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾದದ್ದು. ಅಂಥ ದೊಡ್ಡ ಘಟಕಗಳಿಗೆ ನಿಯಂತ್ರಣ ಕೊಠಡಿ, ಎಂಜಿನಿಯರುಗಳು, ಕೇಂದ್ರ ವಿದ್ಯುತ್ ಪ್ರಾಧಿಕಾರದ 2021ರ ಸೈಬರ್ ಭದ್ರತಾ ಮಾರ್ಗಸೂಚಿ ಎಲ್ಲ ಇವೆ. ನಿಮ್ಮಂಥ 8 ಕಿಲೋವ್ಯಾಟಿನ 6,250 ಛಾವಣಿಗಳು ಸೇರಿದರೆ ಅಷ್ಟೇ ವಿದ್ಯುತ್. ಆ ಛಾವಣಿಗಳೆಲ್ಲ ಒಂದೇ ತಯಾರಕರ ಸರ್ವರಿನಡಿ ಇದ್ದು ಯಾರೋ ಒಮ್ಮೆಲೇ ನಿಲ್ಲಿಸಿದರೆ ಗ್ರಿಡ್ಡಿಗೆ ಬೀಳುವ ಹೊಡೆತ ದೊಡ್ಡ ಘಟಕ ನಿಂತಾಗ ಬೀಳುವುದಕ್ಕಿಂತ ಕಡಿಮೆಯಲ್ಲ. ಆದರೆ ಈ ಛಾವಣಿಗಳಿಗೆ ಕಾವಲಿಲ್ಲ. ನಾವು ಚಿಕ್ಕವರು, ನಮ್ಮನ್ನು ಯಾರು ಕೇಳುತ್ತಾರೆ ಎನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಆದರೂ ನಿಮ್ಮ ಸಂಘದ ಮಟ್ಟಿಗೆ ಇನ್ವರ್ಟರ್ ಅರ್ಧ ದಿನ ನಿಂತರೆ ಆಗುವ ನಷ್ಟ ಹತ್ತಿಪ್ಪತ್ತು ಯೂನಿಟ್. ರೈತರ ಹಾಲಿನ ಲೆಕ್ಕ, ಬ್ಯಾಂಕ್ ಖಾತೆಯ ವಿವರ ಹೋದರೆ ಸಂಘವೇ ಅಲುಗಾಡುತ್ತದೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹರಡಿದಾಗ, ನಮ್ಮದೇ ರಾಜ್ಯದ ವಯನಾಡಿನ ತರಿಯೋಡ್ ಪಂಚಾಯತಿ ಕಚೇರಿಯ ಕಂಪ್ಯೂಟರುಗಳೂ ಅದಕ್ಕೆ ಸಿಕ್ಕಿದ್ದವು. ಅದು ಯಾರನ್ನೂ ಹುಡುಕಿಕೊಂಡು ಬಂದದ್ದಲ್ಲ. ನವೀಕರಿಸದ ಕಂಪ್ಯೂಟರ್ ಎಲ್ಲಿತ್ತೋ ಅಲ್ಲಿ ನುಗ್ಗಿತು. ಒಂದೇ ವೈ-ಫೈಗೆ ಕ್ಯಾಮೆರಾ, ಇನ್ವರ್ಟರ್, ಲೆಕ್ಕದ ಕಂಪ್ಯೂಟರ್, ಜೊತೆಗೆ ಹಾಲು ತಂದವರ ಮೊಬೈಲ್ ಎಲ್ಲ ಜೋಡಿಸಿದ್ದರೆ, ಒಂದರೊಳಗೆ ಬಂದವನಿಗೆ ಉಳಿದವುಗಳ ಬಾಗಿಲೂ ಎದುರಿಗೇ ಸಿಗುತ್ತದೆ.

ಆದ್ದರಿಂದ ಮೊದಲ ಕೆಲಸ ಬೇರ್ಪಡಿಸುವುದು. ಲೆಕ್ಕದ ಕಂಪ್ಯೂಟರಿಗೆ ಒಂದು ಜಾಲ, ಇನ್ವರ್ಟರ್ ಮತ್ತು ಕ್ಯಾಮೆರಾಗಳಿಗೆ ಇನ್ನೊಂದು. ಈಗಿನ ಹೆಚ್ಚಿನ ರೌಟರುಗಳಲ್ಲಿ ಅತಿಥಿ ಜಾಲ ಎಂಬ ಸೌಲಭ್ಯವಿರುತ್ತದೆ, ಕನಿಷ್ಠ ಅದನ್ನಾದರೂ ಬಳಸಿ. ಇನ್ನೂ ಗಟ್ಟಿಯಾಗಿ ಬೇಕೆಂದರೆ ಇನ್ವರ್ಟರಿಗೆ ಸಿಮ್ ಹಾಕುವ ಪ್ರತ್ಯೇಕ ರೌಟರ್ ಕೊಡಿಸಿ, ತಿಂಗಳ ಖರ್ಚು ಅಲ್ಪ. ಸಂಘಕ್ಕೆ ಬರುವವರಿಗೆ ವೈ-ಫೈ ಪಾಸ್‌ವರ್ಡ್ ಕೊಡುವ ರೂಢಿ ಇದ್ದರೆ ನಿಲ್ಲಿಸಿ.

ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆಯುವ ನಮ್ಮ ಕಾಸರಗೋಡಿನ ಸುರಂಗದಲ್ಲಿ ನೀರು ಒಳಗಿನಿಂದ ಹೊರಕ್ಕೆ ಹರಿಯುತ್ತದೆ, ಹೊರಗಿನಿಂದ ಯಾರೂ ಒಳಕ್ಕೆ ಸುರಿಯುವುದಿಲ್ಲ. ಇನ್ವರ್ಟರಿನ, ಕೂಲರಿನ ಮಾಹಿತಿಯೂ ಹಾಗೆಯೇ ಇರಲಿ. ಟ್ಯಾಂಕಿನ ಉಷ್ಣತೆ ಆರು ಡಿಗ್ರಿ ದಾಟಿದರೆ ನಿಮ್ಮ ಮೊಬೈಲಿಗೆ ಸಂದೇಶ ಬರಲಿ, ಆದರೆ ಮೊಬೈಲಿನಿಂದ ಕೂಲರನ್ನು ನಿಲ್ಲಿಸುವ ಸೌಲಭ್ಯವೇ ಬೇಡ. ಥರ್ಮೋಸ್ಟ್ಯಾಟ್ ಕೂಲರಿನಲ್ಲೇ ಇರಲಿ, ಕೈಯಿಂದ ಒತ್ತುವ ಗುಂಡಿ ಗೋಡೆಯಲ್ಲಿರಲಿ. 2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿದ್ಯುತ್ ವಿತರಣಾ ಕಂಪನಿಗಳ ಮೇಲೆ ದಾಳಿಯಾಗಿ ಸುಮಾರು 2,25,000 ಗ್ರಾಹಕರಿಗೆ ಕರೆಂಟು ಹೋಯಿತು. ಕೆಲವೇ ಗಂಟೆಗಳಲ್ಲಿ ಅದು ಮರಳಿ ಬಂದದ್ದು ಸಿಬ್ಬಂದಿ ಸಬ್‌ಸ್ಟೇಷನ್ನುಗಳಿಗೆ ಧಾವಿಸಿ ಕೈಯಿಂದಲೇ ಸ್ವಿಚ್ ಹಾಕಿದ್ದರಿಂದ. ಅಲ್ಲಿ ಕೈಯಿಂದ ನಡೆಸುವ ದಾರಿಯನ್ನು ಉಳಿಸಿಕೊಂಡಿದ್ದರು.

ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್, ಯುಪಿಎನ್‌ಪಿ ಎರಡನ್ನೂ ಮುಚ್ಚಿಸಿ, ಇವು ಇಂಟರ್ನೆಟ್ಟಿನಿಂದ ಒಳಗಿನ ಸಾಧನಗಳಿಗೆ ನೇರ ದಾರಿ ತೆರೆಯುವ ಸೌಲಭ್ಯಗಳು. ಕ್ಯಾಮೆರಾವನ್ನು ಮನೆಯಿಂದ ನೋಡಲು ತಂತ್ರಜ್ಞರು ಇವನ್ನು ತೆರೆದಿಟ್ಟು ಹೋಗುವುದುಂಟು. ಇನ್ವರ್ಟರ್, ಡಿವಿಆರ್, ರೌಟರ್ ಮೂರರ ಪಾಸ್‌ವರ್ಡನ್ನೂ ಬೇರೆ ಬೇರೆಯಾಗಿ ಬದಲಿಸಿ. ಲೆಕ್ಕದ ತಂತ್ರಾಂಶ ಕೊಟ್ಟವರು ದೂರದಿಂದ ರಿಪೇರಿ ಮಾಡಲು ಕಂಪ್ಯೂಟರಿನಲ್ಲಿ ಹಾಕಿಟ್ಟ ಸೌಲಭ್ಯ ಸದಾ ತೆರೆದಿರಬಾರದು. ಅವರು ಕರೆ ಮಾಡಿದಾಗ ನೀವು ತೆರೆದು, ಕೆಲಸ ಮುಗಿದ ಮೇಲೆ ಮುಚ್ಚಿ. ಲೆಕ್ಕದ ಪ್ರತಿಯನ್ನು ಎರಡು ಪೆನ್ ಡ್ರೈವುಗಳಲ್ಲಿ ದಿನ ಬಿಟ್ಟು ದಿನ ತೆಗೆಯಿರಿ, ತೆಗೆದಾದ ಮೇಲೆ ಕಂಪ್ಯೂಟರಿನಿಂದ ಕಳಚಿ ಕಪಾಟಿನಲ್ಲಿಡಿ. ಚುಚ್ಚಿಯೇ ಇಟ್ಟ ಪೆನ್ ಡ್ರೈವ್ ಸುಲಿಗೆ ತಂತ್ರಾಂಶಕ್ಕೆ ಕಂಪ್ಯೂಟರಿನ ಜೊತೆಗೇ ಬಲಿಯಾಗುತ್ತದೆ. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ, ತೆರೆಯದ ಪ್ರತಿ ಪ್ರತಿಯೇ ಅಲ್ಲ.

ಕಂಪನಿಯೊಂದಿಗಿನ ಕರಾರಿನಲ್ಲಿ ಬರೆಸಬೇಕಾದದ್ದು ಇಷ್ಟು. ಮುಖ್ಯ ಖಾತೆ ಸಂಘದ ಇಮೇಲ್ ವಿಳಾಸದಲ್ಲಿರಬೇಕು, ಕಾರ್ಯದರ್ಶಿಯ ಸ್ವಂತ ವಿಳಾಸದಲ್ಲೂ ಅಲ್ಲ. ಕಂಪನಿಗೆ ನೋಡುವ ಅನುಮತಿ ಮಾತ್ರ. ಭದ್ರತಾ ನವೀಕರಣಗಳನ್ನು ಎಷ್ಟು ವರ್ಷ ಕೊಡುತ್ತಾರೆ ಎಂಬುದು ಫಲಕದ ವಾರಂಟಿಯ ಪಕ್ಕದಲ್ಲೇ ನಮೂದಾಗಬೇಕು. ಫಲಕಕ್ಕೆ 25 ವರ್ಷದ ಮಾತು ಕೊಡುವವರು ಅದನ್ನು ನಡೆಸುವ ತಂತ್ರಾಂಶದ ಬಗ್ಗೆ ಸುಮ್ಮನಿದ್ದರೆ ನಾನಂತೂ ಸಹಿ ಹಾಕುವುದಿಲ್ಲ. ವೈ-ಫೈ ಕಡ್ಡಿ ಕಳಚಿದರೂ ಇನ್ವರ್ಟರ್ ಪೂರ್ಣವಾಗಿ ಕೆಲಸ ಮಾಡುತ್ತದೆ ಎಂಬುದನ್ನು ಹಸ್ತಾಂತರದ ದಿನ ನಿರ್ದೇಶಕರ ಎದುರಿಗೇ ಕಳಚಿ ತೋರಿಸಲಿ.

ಹೀಗಿದ್ದೂ ಏನಾದರೂ ನಡೆದರೆ, ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಸೈಬರ್ ದಾಳಿಯನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ಕೇಂದ್ರ ಸರಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಮಾಡಬೇಕು ಎಂದು 2022ರ ಏಪ್ರಿಲ್ 28ರ ನಿರ್ದೇಶನ ಹೇಳುತ್ತದೆ. ಸೋಂಕು ತಗಲಿದ ಕಂಪ್ಯೂಟರಿನ ನೆಟ್ ಕೇಬಲ್ ಕಿತ್ತುಬಿಡಿ, ಆದರೆ ಅದನ್ನು ಅಳಿಸಿ ಹೊಸದಾಗಿ ಮಾಡಿಸಲು ಅವಸರಪಡಬೇಡಿ, ಸಾಕ್ಷ್ಯ ಅದರೊಳಗಿರುತ್ತದೆ.

ಇನ್ನೊಂದು ಸಲಹೆ ನಮ್ಮ ಗಡಿನಾಡಿಗಾಗಿಯೇ. ಇನ್ವರ್ಟರಿನ ಕೈಪಿಡಿ ಇಂಗ್ಲಿಷಿನಲ್ಲಿ, ಇಲಾಖೆಯ ಸೂಚನೆಗಳು ಹೆಚ್ಚಾಗಿ ಮಲಯಾಳದಲ್ಲಿ ಬರುತ್ತವೆ. ಬೆಳಿಗ್ಗೆ ಐದೂವರೆಗೆ ಬಾಗಿಲು ತೆರೆಯುವ ನಿಮ್ಮ ಹಾಲು ಅಳೆಯುವ ಸಿಬ್ಬಂದಿಗೆ ಕನ್ನಡವೇ ಸಲೀಸು. ಕರೆಂಟು ಹೋದರೆ ಯಾವ ಸ್ವಿಚ್ ಮೊದಲು, ಜನರೇಟರ್ ಯಾವಾಗ, ಇನ್ವರ್ಟರಿನಲ್ಲಿ ಕೆಂಪು ದೀಪ ಬಂದರೆ ಏನು, ಕಂಪ್ಯೂಟರಿನಲ್ಲಿ ಹಣ ಕೇಳುವ ಬರಹ ಕಂಡರೆ ಯಾವ ಕೇಬಲ್ ಕೀಳಬೇಕು, ಯಾರಿಗೆ ಕರೆ ಮಾಡಬೇಕು ಎಂಬುದನ್ನು ಒಂದೇ ಹಾಳೆಯಲ್ಲಿ ದಪ್ಪ ಅಕ್ಷರದ ಕನ್ನಡದಲ್ಲಿ ಬರೆಸಿ ಸ್ವಿಚ್‌ಬೋರ್ಡಿನ ಪಕ್ಕ ಅಂಟಿಸಿ. ಪಾಸ್‌ವರ್ಡುಗಳನ್ನು ಆ ಹಾಳೆಯಲ್ಲಿ ಬರೆಯಬೇಡಿ. ಅವನ್ನು ಲಕೋಟೆಯಲ್ಲಿಟ್ಟು ಮುದ್ರೆ ಹಾಕಿ ಸಂಘದ ತಿಜೋರಿಯಲ್ಲಿಡಿ. ಲಕೋಟೆ ತೆರೆದಾಗಲೆಲ್ಲ ಯಾರು, ಯಾವಾಗ, ಯಾಕೆ ತೆರೆದರು ಎಂಬುದು ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ಕಾರ್ಯದರ್ಶಿ ಬದಲಾದ ದಿನವೇ ಪಾಸ್‌ವರ್ಡುಗಳೂ ಬದಲಾಗಬೇಕು.

ದರಪಟ್ಟಿಯನ್ನು 8 ಕಿಲೋವ್ಯಾಟಿಗೆ, ಹೈಬ್ರಿಡ್ ಇನ್ವರ್ಟರಿನೊಂದಿಗೆ, ಮೇಲಿನ ಷರತ್ತುಗಳನ್ನು ಸೇರಿಸಿ, ಮೂವರಿಂದಾದರೂ ಮತ್ತೆ ತರಿಸಿ. ಆ ಹುಡುಗನನ್ನು ದೂರ ಮಾಡಬೇಡಿ, ರೌಟರಿನ ಕೆಲಸಕ್ಕೆ ಅವನನ್ನೇ ಕೂರಿಸಿ.